ಮೆಣಸಗಿ ಮದುವೆಯ ಹಾರ್ಡ್‌ಡಿಸ್ಕ್

ಗಜೇಂದ್ರಗಡ
೪ ನವೆಂಬರ್ ೨೦೨೪

ನಾಹೀದ,

ಡಬ್ಬಿಯನ್ನು ನೋಡಿದ ಕೂಡಲೇ ಗುರುತು ಹಿಡಿದಿರುತ್ತೀ. ನಮ್ಮ ಹಾರ್ಡ್‌ಡಿಸ್ಕ್ ಊರಿಂದೂರಿಗೆ ಓಡಾಡುತ್ತಿದ್ದ ಅದೇ ಸ್ಟೀಲ್ ಡಬ್ಬಿ, ಮುಚ್ಚಳಕ್ಕೆ ನೀನು ಸುತ್ತಿದ ಅದೇ ಸೈಕಲ್ ಟ್ಯೂಬಿನ ತುಂಡು. ಇವತ್ತು ಇದರಲ್ಲಿ ಪತ್ರ ಬಿಟ್ಟರೆ ಬೇರೇನೂ ಇಲ್ಲ. ನಿನ್ನ ನಂಬರನ್ನು ಅಳಿಸಿ ಮೂರು ವರ್ಷವಾಯಿತು. ನನ್ನದನ್ನು ನೀನು ನನಗಿಂತ ಮೊದಲೇ ಅಳಿಸಿದ್ದೀ ಎಂಬುದು ಗೊತ್ತು. ಆದರೆ ರೋಣದ ಬಸ್‌ಸ್ಟ್ಯಾಂಡಿನಲ್ಲಿ ಹೂವು ಮಾರುವ ಮಾನವ್ವ ಇನ್ನೂ ಅಲ್ಲೇ ಇದ್ದಾಳೆ. ಗಜೇಂದ್ರಗಡದ ಬಸ್ಸಿನಿಂದ ಡಬ್ಬಿ ಇಳಿಸಿಕೊಂಡು ನರಗುಂದದ ಬಸ್ಸಿಗೆ ಹತ್ತಿಸುವುದನ್ನು ಅವಳು ಮರೆತಿಲ್ಲ. ಮೊನ್ನೆ ಕಂಡಾಗ ಜಗಳ ಮುಗಿಯಿತೇ ಎಂದು ಕೇಳಿದಳು. ಒಂದು ಮೊಳ ಹೂವು ಕೊಂಡು ಮಾತು ತಪ್ಪಿಸಿದೆ.

ವಿಷಯಕ್ಕೆ ಬರುತ್ತೇನೆ. ಮೆಣಸಗಿಯ ನಾಗರತ್ನಾ ಫೋನ್ ಮಾಡಿದ್ದಳು. ಹೌದು, ಅವಳೇ, ಯಾರ ಮದುವೆಯಿಂದ ನಮ್ಮ ರೋಣದ ಸ್ಟುಡಿಯೋಗೆ ಬಾಗಿಲು ಬಿತ್ತೋ ಅವಳು. ನಾನು ಶೂಟ್ ಮಾಡಿ ತಂದಿದ್ದೆ, ನೀನು ಎಡಿಟಿಂಗಿಗೆ ಕೂತಿದ್ದೆ, ಮೂರನೆಯ ವಾರ ಕಂಪ್ಯೂಟರಿಗೆ ವೈರಸ್ ಹೊಕ್ಕು ಒಂದೊಂದು ಫೈಲಿಗೂ ಬೀಗ ಬಿತ್ತು. ಅಷ್ಟರಲ್ಲಿ ನಾನು ಬೆಳವಣಕಿಯ ಕೆಲಸಕ್ಕೆಂದು ಕ್ಯಾಮೆರಾದ ಕಾರ್ಡುಗಳನ್ನೆಲ್ಲ ಅಳಿಸಿಯಾಗಿತ್ತು. ಕದ್ದ ಸಾಫ್ಟ್‌ವೇರಿನ ಪೆನ್‌ಡ್ರೈವ್ ತಂದವಳೂ ನಾನೇ. ಮೂರು ವರ್ಷ ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ. ಈಗ ಹೇಳಿದ್ದೇನೆ, ಒಂದೇ ಸಲ. ಮತ್ತೆ ಕೇಳಬೇಡ.

ನಾಗರತ್ನಾ ಈಗ ಏಳು ತಿಂಗಳ ಬಸುರಿ. ಇದೇ ಹದಿನೇಳನೇ ತಾರೀಕಿಗೆ ತವರಿನಲ್ಲಿ ಸೀಮಂತದ ಕುಬಸ ಇಟ್ಟುಕೊಂಡಿದ್ದಾರೆ. ಅವಳು ಅಂದದ್ದನ್ನು ಹಾಗೇ ಬರೆಯುತ್ತೇನೆ: "ಮದಿವಿದು ಹೋತು ಬಿಡ್ರಿ ಅಕ್ಕಾರ. ಕುಬಸದ್ದಾದ್ರೂ ಕೈಗೆ ಬರೂ ಹಂಗ ಮಾಡ್ರಿ. ಒಳಮನಿಯಾಗ ಗಂಡಸರ ಕ್ಯಾಮೆರಾ ನಮಗ ಬ್ಯಾಡ."

ನಾನು ಶೂಟ್ ಮಾಡುತ್ತೇನೆ. ಎಡಿಟಿಂಗಿಗೆ ನಿನ್ನಷ್ಟು ಕೈ ಕೂತವರು ಈ ಮೂರು ಊರಿನಲ್ಲಿ ಯಾರೂ ಇಲ್ಲ. ಆದರೆ ನೀನು ಈಗ ವಿಂಡೋಸ್ ಬಿಟ್ಟು ಲಿನಕ್ಸ್ ಎಂಬ ಯಾವುದೋ ಪುಕ್ಕಟೆ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತೀಯಂತೆ. ಪುಕ್ಕಟೆ ಸಿಕ್ಕದ್ದನ್ನು ನಾನು ಒಮ್ಮೆ ತಂದು ನೋಡಿದ್ದೇನೆ, ಸಾಕಾಗಿದೆ. ಆಗುತ್ತದೆಯೋ ಇಲ್ಲವೋ ಒಂದು ಸಾಲು ಬರೆ.

ಮಹೇಶ್ವರಿ


ನರಗುಂದ
೮ ನವೆಂಬರ್

ಮಹೇಶ್ವರಿ,

ಪುಕ್ಕಟೆ ಎಂದು ಇನ್ನೊಮ್ಮೆ ಬರೆದರೆ ಡಬ್ಬಿ ಖಾಲಿಯಾಗಿ ವಾಪಸು ಬರುತ್ತದೆ.

ನೀನು ತಂದದ್ದು ಬೀಗ ಒಡೆದ ಮಾಲು. ಇದಕ್ಕೆ ಬೀಗವೇ ಇಲ್ಲ. ಒಳಗೆ ಏನು ಬರೆದಿದೆ ಎಂದು ಯಾರು ಬೇಕಾದರೂ ತೆರೆದು ನೋಡಬಹುದು, ತಪ್ಪಿದ್ದರೆ ತಿದ್ದಬಹುದು. ನಾನು ಎಡಿಟಿಂಗ್ ಮಾಡುವುದು ಕೆಡೆನ್‌ಲೈವ್ ಎಂಬುದರಲ್ಲಿ. ಕಳೆದ ವರ್ಷ ಒಂದು ಕಡೆ ಸಿಕ್ಕಿಬಿದ್ದು ಇಂಟರ್ನೆಟ್ಟಿನಲ್ಲಿರುವ ಅದರ ಬಳಕೆದಾರರ ಕಟ್ಟೆಯಲ್ಲಿ ಪ್ರಶ್ನೆ ಹಾಕಿದೆ. ಮುಖ ನೋಡದ ಯಾರೋ ಒಬ್ಬರು, ಯಾವ ದೇಶದವರೋ, ಎರಡು ಪುಟ ಉತ್ತರ ಬರೆದರು. ಮೂರನೆಯ ದಿನ ಮತ್ತೆ ಬಂದು ಸರಿಹೋಯಿತೇ ಎಂದು ವಿಚಾರಿಸಿದರು. ನಾವು ದುಡ್ಡು ಕೊಟ್ಟ ಯಾವ ಅಂಗಡಿಯವನು ಹಾಗೆ ವಿಚಾರಿಸಿದ್ದ, ಹೇಳು.

ಕುಂದುಗಳಿಲ್ಲ ಎನ್ನುವುದಿಲ್ಲ. ಮೊದಲೆಲ್ಲ ಕೆಲಸದ ನಡುವೆ ಒಮ್ಮೊಮ್ಮೆ ಮುಚ್ಚಿಬಿಡುತ್ತಿತ್ತು. ಈಗ ಅಪರೂಪ, ಮುಚ್ಚಿದರೂ ತಾನೇ ಉಳಿಸಿಟ್ಟುಕೊಂಡ ಜಾಗದಿಂದ ಎದ್ದುಬರುತ್ತದೆ. ನಮ್ಮ ಗಿರಾಕಿಗಳು ಕೇಳುವ ಗುಲಾಬಿ ಹಾರುವ, ಹೃದಯ ಒಡೆದು ಜೋಡಿ ಹೊರಬರುವ ರೆಡಿಮೇಡ್ ಡಿಸೈನುಗಳು ಇದರಲ್ಲಿ ಸಿಗುವುದಿಲ್ಲ. ಆ ಗುಲಾಬಿಯನ್ನು ನೀನು ಎಷ್ಟು ಬೈದುಕೊಳ್ಳುತ್ತಿದ್ದೆ ಎಂಬ ನೆನಪು ನನಗಿದೆ. ಕನ್ನಡದ ಹೆಸರುಗಳು ಮಾತ್ರ ಪರದೆಯ ಮೇಲೆ ಒತ್ತಕ್ಷರ ಸಮೇತ ಚೆಂದವಾಗಿ ಕೂರುತ್ತವೆ. ನನ್ನ ಲ್ಯಾಪ್‌ಟಾಪಿಗೆ ಎಂಟು ವರ್ಷ. ಅದರಲ್ಲೇ ಕಳೆದ ವರ್ಷ ಇಪ್ಪತ್ತಾರು ಕೆಲಸ ಮುಗಿಸಿದ್ದೇನೆ, ಒಂದೂ ತಡವಾಗಿಲ್ಲ.

ಕುಬಸದ ಕೆಲಸ ನಾನು ಮಾಡುತ್ತೇನೆ. ನಾನು ಬಾಯಿಬಿಟ್ಟು ಹೇಳುವ ತನಕ ನೀನು ಕಾರ್ಡುಗಳನ್ನು ಅಳಿಸಕೂಡದು. ಇದೊಂದೇ ನನ್ನ ಷರತ್ತು.

ನಾಹೀದ


ಗಜೇಂದ್ರಗಡ
೧೯ ನವೆಂಬರ್

ನಾಹೀದ,

ಡಿಸ್ಕ್ ಇದರಲ್ಲಿದೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದೇನೆ. ಕಾರ್ಡುಗಳು ನಮ್ಮ ಟ್ರಂಕಿನಲ್ಲಿವೆ, ಬೀಗದ ಕೈ ಅವ್ವನ ಸೊಂಟದಲ್ಲಿದೆ. ಇನ್ನು ನಿನಗೆ ನೆಮ್ಮದಿ ತಾನೇ.

ಕುಬಸ ಚೆನ್ನಾಗಿ ಆಯಿತು. ಹಸಿರು ಸೀರೆ, ಮೊಳಕೈತನಕ ಹಸಿರು ಬಳೆ, ಮೈ ತುಂಬಿಕೊಂಡ ನಾಗರತ್ನಾ ನೋಡಲು ಚೆಂದ ಇದ್ದಳು. ಆದರೆ ಒಂದು ಸಂಗತಿ ನಡೆಯಿತು, ಅದನ್ನು ನಿನಗೆ ಹೇಳಲೇಬೇಕು.

ನಾಗರತ್ನಾಳ ಅಜ್ಜಿ, ಅವಳು ಆಯಿ ಎನ್ನುವ ಹೊನ್ನವ್ವ ನಿನಗೆ ನೆನಪಿರಬೇಕು. ಮದುವೆಯಲ್ಲಿ ಅರಿಷಿಣ ಹಚ್ಚುವಾಗ ಸೋಬಾನ ಹಾಡಿದ ಮುದುಕಿ. ಆ ಹಾಡಿನಲ್ಲಿ ಮನೆಯ ಹೆಣ್ಣುಮಕ್ಕಳ ಹೆಸರುಗಳನ್ನು ಒಂದರ ಹಿಂದೊಂದು ತೆಗೆದುಕೊಳ್ಳುತ್ತಾ ಮದುಮಗಳ ತನಕ ಬರುವ ಒಂದು ನುಡಿ ಇದೆ. ಅದು ಆ ಮನೆಗಷ್ಟೇ ಸೇರಿದ್ದು, ಬೇರೆ ಯಾರ ಮನೆಯಲ್ಲೂ ಇಲ್ಲ. ಮದುವೆಯಾಗಿ ಆರು ತಿಂಗಳಿಗೆ ಹೊನ್ನವ್ವ ತೀರಿಕೊಂಡರು. ಮೊನ್ನೆ ಉಳಿದ ಹೆಂಗಸರು ಆ ಹಾಡು ಎತ್ತಿದರು. ನಾಲ್ಕು ಹೆಸರು ಬಂದವು. ಐದನೆಯದು ಯಾರಿಗೂ ನೆನಪಿಲ್ಲ. ಒಬ್ಬರ ಮುಖ ಒಬ್ಬರು ನೋಡುತ್ತಾ ಎಲ್ಲರೂ ಸುಮ್ಮನಾದರು. ನಾನು ಕ್ಯಾಮೆರಾ ನಿಲ್ಲಿಸಲಿಲ್ಲ, ಯಾಕೋ ಕೈ ಹೋಗಲಿಲ್ಲ. ನಾಗರತ್ನಾ ತಲೆ ತಗ್ಗಿಸಿ ಬಳೆ ತಿರುಗಿಸುತ್ತಾ ಕೂತಿದ್ದಳು. ಒಂದು ನಿಮಿಷಕ್ಕಿಂತ ಹೆಚ್ಚೇ ಆಗಿರಬೇಕು. ಆಮೇಲೆ ಯಾರೋ ಹಿರಿಯರು ಆರತಿ ತರಲು ಹೇಳಿದರು.

ಊಟಕ್ಕೆ ಕೂತಾಗ ನಾಗರತ್ನಾ ನನ್ನ ಪಕ್ಕಕ್ಕೆ ಬಂದಳು. "ಆಯಿ ಇದ್ದಿದ್ರ ನನ್ನ ಹೆಸರಿನ ತನಕಾ ತರತಿದ್ಲರಿ. ನನಗ ಮದಿವಿ ವಿಡಿಯೋ ಬ್ಯಾಡಾಗಿತ್ರಿ ಅಕ್ಕಾರ, ಅದೊಂದು ಹಾಡು ಸಾಕಿತ್ತು" ಅಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರ ಮನೆಯ ಫೋಟೋಗಳೆಲ್ಲ ಹೊಳೆ ಉಕ್ಕಿ ಊರೊಳಗೆ ಬಂದ ವರ್ಷವೇ ಹೋಗಿದ್ದವು. ಹೊನ್ನವ್ವನ ದನಿ ಉಳಿದದ್ದು ನಮ್ಮ ಕೈಯಲ್ಲಿ ಮಾತ್ರ, ಅದನ್ನೂ ನಾವು ಕಳೆದೆವು.

ಕುಬಸದ್ದನ್ನಾದರೂ ಸರಿಯಾಗಿ ಮುಗಿಸು.

ಮಹೇಶ್ವರಿ


ನರಗುಂದ
೨೩ ನವೆಂಬರ್

ಮಹೇಶ್ವರಿ,

ಡಿಸ್ಕ್ ಬಂತು. ಚಿತ್ರ ಅಚ್ಚುಕಟ್ಟಾಗಿದೆ. ಆದರೆ ದನಿ ಇಲ್ಲ. ಒಂದು ತುಣುಕಿನಲ್ಲಿ ಅಂತಲ್ಲ, ತೊಂಬತ್ತೆರಡು ತುಣುಕಿನಲ್ಲಿ ಒಂದರಲ್ಲೂ ಇಲ್ಲ. ಮುಶಿಗೇರಿಯಲ್ಲಿ ಮೈಕ್ ಹಚ್ಚುವುದನ್ನು ಮರೆತು ಎರಡು ತಾಸು ಮೂಕಿ ಸಿನಿಮಾ ತೆಗೆದಿದ್ದೆಯಲ್ಲ, ಇದೂ ಅದೇ. ಹಾಡಿನ ಮನೆಗೆ ಹೋಗಿ ಹಾಡನ್ನೇ ಬಿಟ್ಟು ಬಂದಿದ್ದೀ. ನಾಗರತ್ನಾಳಿಗೆ ಏನು ಹೇಳುತ್ತೀಯೋ ಈ ಸಲ ನೀನೇ ಹೇಳು, ನಾನು ಹೇಳಲಾರೆ.

ನಾಹೀದ


ಗಜೇಂದ್ರಗಡ
೨೫ ನವೆಂಬರ್

ನಾಹೀದ,

ನಿನ್ನ ಪತ್ರ ಓದಿದ ಕೂಡಲೇ ಎದ್ದೆ. ಅವ್ವನ ಸೊಂಟದಿಂದ ಬೀಗದ ಕೈ ಕಿತ್ತುಕೊಂಡು ಕಾರ್ಡು ತೆಗೆದು ಕ್ಯಾಮೆರಾಕ್ಕೆ ಹಾಕಿ ನೋಡಿದೆ. ಬಳೆಯ ಸದ್ದು ಕೇಳುತ್ತದೆ. ಅಡುಗೆಮನೆಯಲ್ಲಿ ಪಾತ್ರೆ ಬಿದ್ದದ್ದು ಕೇಳುತ್ತದೆ. ಸೋಬಾನದ ನಾಲ್ಕೂ ಹೆಸರು ಕೇಳುತ್ತವೆ. ನೇಯ್ಗೆ ಬಿಟ್ಟು ಬಂದು ನಿಂತ ಅವ್ವನಿಗೂ ಕೇಳಿಸಿದೆ. ಪತ್ರದ ಭಾಷೆ ಬಿಟ್ಟು ನಮ್ಮ ಭಾಷೆಯಲ್ಲೇ ಕೇಳುತ್ತೇನೆ: ನನ್ನ ಕ್ಯಾಮೆರಾದಾಗ ಕೇಳಸ್ತದ, ನಿನ್ನ ಲಿನಕ್ಸಿನಾಗ ಕೇಳಸಂಗಿಲ್ಲ ಅಂದ್ರ ಕಿವುಡು ಯಾರದು?

ಮುಶಿಗೇರಿಯ ತಪ್ಪು ಒಂದು ಸಲ ಮಾಡಿದೆ. ನಾವು ಬೇರೆಯಾದಂದಿನಿಂದ ಕಿವಿಗೆ ಹೆಡ್‌ಫೋನ್ ಇಲ್ಲದೆ ನಾನು ಕ್ಯಾಮೆರಾ ಎತ್ತಿಲ್ಲ. ಇದು ನಿನಗೆ ಗೊತ್ತಿಲ್ಲ, ಯಾಕೆಂದರೆ ಆ ಹೊತ್ತಿಗೆ ನೀನು ನನ್ನ ಜೊತೆ ಇರಲಿಲ್ಲ. ನಿನಗೆ ಆಗದಿದ್ದರೆ ಡಿಸ್ಕ್ ವಾಪಸು ಕಳಿಸು.

ಮಹೇಶ್ವರಿ


ನರಗುಂದ
೩೦ ನವೆಂಬರ್

ಮಹೇಶೀ,

ಕಿವುಡು ನನ್ನದೇ. ತಪ್ಪಾಯಿತು.

ಆದದ್ದು ಇಷ್ಟು. ಈ ಕೆಲಸ ಮಿಂಚಬೇಕು ಎಂಬ ಹಟದಲ್ಲಿ ಕೆಡೆನ್‌ಲೈವ್ ಬಿಟ್ಟು, ಬಣ್ಣ ತಿದ್ದುವುದಕ್ಕೆ ಹೆಸರಾದ ಒಂದು ದೊಡ್ಡ ಕಂಪನಿಯ ಸಾಫ್ಟ್‌ವೇರ್ ಹಾಕಿಕೊಂಡಿದ್ದೆ. ಅದು ಲಿನಕ್ಸಿಗೂ ಸಿಗುತ್ತದೆ, ಆದರೆ ಅದರ ಒಳಗುಟ್ಟು ಕಂಪನಿಯ ಕೈಯಲ್ಲೇ ಇರುತ್ತದೆ. ನಮ್ಮ ಕ್ಯಾಮೆರಾ ದನಿಯನ್ನು ಯಾವ ಕಟ್ಟಿನಲ್ಲಿ ಕಟ್ಟಿಡುತ್ತದೋ ಆ ಕಟ್ಟನ್ನು ಅದು ಲಿನಕ್ಸಿನ ಮೇಲೆ ಬಿಚ್ಚುವುದಿಲ್ಲ. ಹಾಗೆಂದು ಹೇಳುವುದೂ ಇಲ್ಲ, ಸುಮ್ಮನೆ ಮೌನವಾಗಿ ಓಡುತ್ತದೆ. ನಿನ್ನ ಪತ್ರ ಬಂದ ಮೇಲೆ ಅದೇ ತುಣುಕುಗಳನ್ನು ಕೆಡೆನ್‌ಲೈವಿನಲ್ಲಿ ತೆರೆದೆ. ಪಾತ್ರೆ ಬಿದ್ದದ್ದು ನನಗೂ ಕೇಳಿಸಿತು. ಲಿನಕ್ಸಿನವರು ಹೊಸಬರಿಗೆ ಮೊದಲು ಹೇಳುವ ಸಂಗತಿಯೇ ಇದು. ನಾನು ಅದನ್ನು ಮರೆತು ನಿನ್ನನ್ನು ಬೈದೆ, ಯಾಕೆಂದರೆ ನಿನ್ನನ್ನು ಬೈಯುವುದು ನನಗೆ ರೂಢಿಯಾಗಿಬಿಟ್ಟಿದೆ.

ತಪ್ಪು ಒಪ್ಪಿಕೊಳ್ಳಲು ಕೂತಿದ್ದೇನೆ, ಇನ್ನೊಂದನ್ನೂ ಒಪ್ಪಿಕೊಳ್ಳುತ್ತೇನೆ. ಇದು ದೊಡ್ಡದು.

ರೋಣದ ಸ್ಟುಡಿಯೋದಲ್ಲಿದ್ದ ಕಂಪ್ಯೂಟರಿನ ಡಿಸ್ಕಿನಲ್ಲಿ ನಿನಗೆ ಹೇಳದೆ ಒಂದು ಭಾಗ ಬೇರೆ ಮಾಡಿ ಲಿನಕ್ಸ್ ಹಾಕಿಕೊಂಡಿದ್ದೆ. ನೀನು ಶೂಟಿಂಗಿಗೆ ಹೋದಾಗ ಅದರಲ್ಲಿ ಕೆಲಸ ಕಲಿಯುತ್ತಿದ್ದೆ. ಕಲಿಯಲು ಇಟ್ಟುಕೊಂಡಿದ್ದು ಮೆಣಸಗಿಯ ಮದುವೆ. ಕಂಪ್ಯೂಟರ್ ನಿಧಾನವಿದ್ದರೆ ದೊಡ್ಡ ವಿಡಿಯೋ ಎಳೆಯಲು ಆಗುವುದಿಲ್ಲವೆಂದು ಕೆಡೆನ್‌ಲೈವಿನಲ್ಲಿ ಪ್ರತಿ ತುಣುಕಿಗೂ ಒಂದು ಸಣ್ಣ ನಕಲು ಮಾಡಿಸಿಕೊಳ್ಳುತ್ತೇವೆ. ಅದರಲ್ಲಿ ಚಿತ್ರ ಮಸುಕು, ದನಿ ಪೂರ್ತಿ. ಆ ನಕಲುಗಳು ಕೂರುವುದು ಲಿನಕ್ಸಿನ ಭಾಗದಲ್ಲಿ. ವೈರಸ್ ಹೊಕ್ಕದ್ದು ವಿಂಡೋಸಿಗೆ. ವಿಂಡೋಸಿನಿಂದ ನೋಡಿದರೆ ಆ ಭಾಗದಲ್ಲಿ ಏನಿದೆ ಎಂಬುದೇ ಕಾಣುವುದಿಲ್ಲ, ಕಾಣದ ಕೋಣೆಗೆ ಅದು ಬೀಗ ಹಾಕಿರಲಾರದು.

ನಕಲುಗಳು ಉಳಿದಿರಬಹುದು ಎಂದು ನನಗೆ ಹೊಳೆದು ಹದಿನಾಲ್ಕು ತಿಂಗಳಾಯಿತು. ಕಂಪ್ಯೂಟರ್ ನಿನ್ನ ಮನೆಯಲ್ಲಿತ್ತು. ಕೇಳಬೇಕೆಂದರೆ ಕದ್ದು ಮಾಡಿದ್ದನ್ನು ಹೇಳಬೇಕಿತ್ತು. ವೈರಸ್ಸಿಗೂ ನಾನು ಕೈಯಾಡಿಸಿದ್ದೇ ಕಾರಣ ಎಂದು ನೀನು ಅನ್ನುತ್ತೀ ಎಂದು ಹೆದರಿದೆ. ಎರಡು ಸಲ ಪತ್ರ ಬರೆದು ಹರಿದೆ. ನಾಗರತ್ನಾ ಬಳೆ ತಿರುಗಿಸುತ್ತಾ ಕೂತದ್ದನ್ನು ನೋಡಿದ ಮೇಲೆ ನನ್ನ ಮೇಲೆ ನನಗೇ ನಾಚಿಕೆಯಾಗಿದೆ.

ಆ ಕಂಪ್ಯೂಟರನ್ನು ನೀನು ಮಾರಿರದಿದ್ದರೆ ಹೀಗೆ ಮಾಡು. ಆನ್ ಮಾಡುವಾಗ ಶಿಫ್ಟ್ ಕೀಲಿ ಒತ್ತಿ ಹಿಡಿ. ಕಪ್ಪು ಪರದೆಯ ಮೇಲೆ ಒಂದು ಪಟ್ಟಿ ಬರುತ್ತದೆ, ಮೊದಲ ಸಾಲಿಗೆ ಎಂಟರ್ ಒತ್ತು. ಪಾಸ್‌ವರ್ಡ್ ನಿನ್ನ ಅವ್ವನ ಹೆಸರು. ಮಧ್ಯಾಹ್ನಕ್ಕೆ ಅವರು ಕಳಿಸುತ್ತಿದ್ದ ಬುತ್ತಿ ಉಣ್ಣುತ್ತಾ ಇಟ್ಟದ್ದು. ಉಳಿದದ್ದು ಇನ್ನೊಂದು ಹಾಳೆಯಲ್ಲಿ ಬರೆದಿದ್ದೇನೆ. ನಕಲುಗಳು ಅಲ್ಲಿದ್ದರೆ ಮದುವೆಯನ್ನು ನಾನು ಕಟ್ಟಿ ನಿಲ್ಲಿಸುತ್ತೇನೆ, ಇದರಲ್ಲಿ ಅನುಮಾನ ಬೇಡ.

ನಿನ್ನ
ನಾಹೀದ


ಗಜೇಂದ್ರಗಡ
೫ ಡಿಸೆಂಬರ್

ನಾಹೀದ,

ಮೊದಲು ಸಿಟ್ಟಿನ ಮಾತು. ಹದಿನಾಲ್ಕು ತಿಂಗಳು! ಕದ್ದು ಲಿನಕ್ಸ್ ಹಾಕಿಕೊಂಡದ್ದಕ್ಕೆ ನನಗೆ ಸಿಟ್ಟಿಲ್ಲ. ಕೇಳಿದ್ದರೆ ನಾನು ಬೇಡ ಅನ್ನುತ್ತಿದ್ದೆ, ಅದಕ್ಕೇ ನೀನು ಕೇಳಲಿಲ್ಲ. ಆದರೆ ಗೊತ್ತಾದ ಮೇಲೂ ಬಾಯಿ ಮುಚ್ಚಿ ಕೂತೆಯಲ್ಲ, ಅದನ್ನು ನಾನು ಬೇಗ ಮರೆಯುವವಳಲ್ಲ. ಈ ನಡುವೆ ಕಂಪ್ಯೂಟರನ್ನು ಗುಜರಿಗೆ ಹಾಕಿದ್ದರೆ ಏನು ಗತಿಯಾಗುತ್ತಿತ್ತು ಎಂದು ಯೋಚಿಸು.

ಹಾಕಿರಲಿಲ್ಲ. ಅದನ್ನು ಕಂಡರೆ ಹೊಟ್ಟೆ ಉರಿಯುತ್ತಿತ್ತು, ಆದರೂ ಕೊಡಲು ಮನಸ್ಸಾಗಿರಲಿಲ್ಲ. ಮಗ್ಗದ ಮನೆಯ ಮೂಲೆಯಲ್ಲಿತ್ತು, ಅದರ ಮೇಲೆ ಅವ್ವ ನೂಲು ಸುತ್ತಿದ ಕಂಡಿಕೆಗಳ ಬುಟ್ಟಿ ಇಟ್ಟುಕೊಳ್ಳುತ್ತಿದ್ದಳು. ನೂಲಿನ ಧೂಳು ಊದಿ ಊದಿ ನನಗೆ ಕೆಮ್ಮು ಬಂತು. ಎರಡು ಸಲ ಶಿಫ್ಟ್ ಒತ್ತಿದರೂ ವಿಂಡೋಸ್ ಎದ್ದು, ಫೈಲುಗಳಿಗೆ ಬೀಗ ಬಿದ್ದಿದೆ ಎನ್ನುವ ಆ ಕೆಂಪು ಪರದೆ ಬಂದು ನಿಂತಿತು. ಮೂರು ವರ್ಷದ ಮೇಲೆ ಅದನ್ನು ಕಂಡು ಎರಡು ಸಲವೂ ಸ್ವಿಚ್ ಆರಿಸಿದೆ. ಮೂರನೆಯ ಸಲ ಕಪ್ಪು ಪರದೆ, ಪಟ್ಟಿ, ಮೊದಲ ಸಾಲು. ಅವ್ವನ ಹೆಸರು ಹೊಡೆದೆ. ಬಾಗಿಲು ತೆರೆಯಿತು.

ಇನ್ನೂರ ಹದಿನಾಲ್ಕು ತುಣುಕು ಇವೆ ನಾಹೀದ. ಒಂದೂ ಹೋಗಿಲ್ಲ. ಚಿತ್ರ ಮಸುಕಾಗಿದೆ, ಸೀರೆಯ ಅಂಚಿನ ಕೆಲಸ ಕಾಣುವುದಿಲ್ಲ, ಮುಖಗಳು ಗುರುತು ಸಿಗುತ್ತವೆ. ಹೊನ್ನವ್ವ ಇರುವುದು ನೂರಾ ಮೂವತ್ತೇಳನೆಯದರಲ್ಲಿ. ದನಿ ಹೇಗಿದೆ ಎಂದರೆ, ಆಚೆ ಮಗ್ಗ ನಿಂತಿತು. ಅವ್ವ ಎದ್ದು ಬಂದು ಬಾಗಿಲಲ್ಲಿ ನಿಂತು ಬೆರಳ ಗೆಣ್ಣಿನ ಮೇಲೆ ಹೆಸರು ಎಣಿಸಿದಳು. ಹನ್ನೊಂದು. "ಹೆಣ್ಣಮಕ್ಕಳ ಹೆಸರು ಇಷ್ಟು ದೂರದ ತನಕಾ ಯಾರ ಮನ್ಯಾಗ ಇಟ್ಟಾರ" ಅಂದಳು. ನಾನು ಅತ್ತೆ. ಅದನ್ನು ಮುಚ್ಚಿಡುವುದು ಯಾಕೆ, ಚೆನ್ನಾಗಿಯೇ ಅತ್ತೆ.

ನೀನು ಕಲಿಯಲೆಂದು ಜೋಡಿಸಿದ ಹನ್ನೆರಡು ನಿಮಿಷವನ್ನೂ ನೋಡಿದೆ. ನನ್ನ ಕೈ ನಡುಗಿದ ಶಾಟುಗಳನ್ನೆಲ್ಲ ನನಗೆ ಹೇಳದೆ ಕತ್ತರಿಸಿ ಹಾಕಿದ್ದೀ. ಚಲೋ ಮಾಡಿದ್ದೀ. ಗುಲಾಬಿ ಇಲ್ಲದ್ದು ಇನ್ನೂ ಚಲೋ.

ಮೊದಲು ಎಲ್ಲವನ್ನೂ ಪೆನ್‌ಡ್ರೈವಿಗೆ ನಕಲು ಮಾಡಿ ಅವ್ವನ ಟ್ರಂಕಿಗೆ ಹಾಕಿದೆ. ಇವತ್ತು ಡಬ್ಬಿಯಲ್ಲಿ ಬರುವುದು ಪತ್ರ ಮಾತ್ರ. ಕಂಪ್ಯೂಟರಿನಿಂದ ಬಿಚ್ಚಿದ ಡಿಸ್ಕನ್ನು ಯಾವ ಕಂಡಕ್ಟರನ ಕೈಗೂ ಕೊಡಲಾರೆ, ಮಾನವ್ವನ ಕೈಗೂ ಕೊಡಲಾರೆ. ಭಾನುವಾರ ಮೊದಲ ಬಸ್ಸಿಗೆ ಮಡಿಲಲ್ಲಿಟ್ಟುಕೊಂಡು ನಾನೇ ಬರುತ್ತೇನೆ. ಸಿಟ್ಟನ್ನೂ ತರುತ್ತೇನೆ, ಅವ್ವ ಕಟ್ಟಿಕೊಡುವ ಬುತ್ತಿಯನ್ನೂ ತರುತ್ತೇನೆ. ಯಾವುದನ್ನು ಮೊದಲು ಬಿಚ್ಚುವುದು ಎಂದು ನೀನೇ ಹೇಳು.

ಮಹೇಶಿ


ನರಗುಂದ
೨೨ ಡಿಸೆಂಬರ್

ಪ್ರೀತಿಯ ನಾಗರತ್ನಾ,

ಈ ಡಬ್ಬಿಯಲ್ಲಿ ಎರಡು ಪೆನ್‌ಡ್ರೈವ್ ಇವೆ. ಕೆಂಪು ದಾರ ಕಟ್ಟಿದ್ದು ನಿನ್ನ ಮದುವೆ. ಮೂರು ವರ್ಷ ತಡವಾಯಿತು. ತಪ್ಪು ನಮ್ಮಿಬ್ಬರದು, ಅದನ್ನು ಸರಿಯಾಗಿ ಅರ್ಧರ್ಧ ಹಂಚಿಕೊಂಡಿದ್ದೇವೆ. ಚಿತ್ರ ಸ್ವಲ್ಪ ಮಸುಕಿದೆ, ಅದನ್ನು ಇದಕ್ಕಿಂತ ಸ್ಪಷ್ಟ ಮಾಡಲು ಯಾರಿಂದಲೂ ಆಗುವುದಿಲ್ಲ. ದನಿ ಪೂರ್ತಿ ಇದೆ. ಆಯಿಯ ಹಾಡನ್ನು ಒಂದಕ್ಷರ ಕತ್ತರಿಸದೆ ಇಟ್ಟಿದ್ದೇವೆ. ಇದರ ಇನ್ನೊಂದು ಪ್ರತಿ ಗಜೇಂದ್ರಗಡದ ಟ್ರಂಕಿನಲ್ಲಿದೆ, ಮತ್ತೊಂದು ನರಗುಂದದಲ್ಲಿದೆ. ಇನ್ನು ಅದು ಕಳೆಯುವುದಿಲ್ಲ.

ಹಸಿರು ದಾರ ಕಟ್ಟಿದ್ದು ಕುಬಸ. ಅದರಲ್ಲಿ ಒಂದು ಜಾಗವನ್ನು ನಾವು ನಿನ್ನನ್ನು ಕೇಳದೆ ಮಾಡಿದ್ದೇವೆ, ಬೇಡವೆಂದರೆ ತೆಗೆಯುತ್ತೇವೆ. ಹೆಂಗಸರು ನಾಲ್ಕನೆಯ ಹೆಸರಿಗೆ ನಿಂತರಲ್ಲ, ಅದನ್ನು ಕತ್ತರಿಸಿಲ್ಲ. ಅವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ, ನೀನು ತಲೆ ತಗ್ಗಿಸಿ ಬಳೆ ತಿರುಗಿಸುತ್ತೀ. ಅಲ್ಲಿಂದ ಮದುವೆಯ ವಿಡಿಯೋದ ದನಿಯಲ್ಲಿ ನಿಮ್ಮ ಆಯಿ ಎತ್ತಿಕೊಳ್ಳುತ್ತಾರೆ, ಐದನೆಯ ಹೆಸರಿನಿಂದ.

ಎಡಿಟ್ ಮಾಡಿದ ಮೂಲ ಫೈಲನ್ನೂ ಅದರಲ್ಲೇ ಇಟ್ಟಿದ್ದೇವೆ. ಅದಕ್ಕೆ ಬೀಗವಿಲ್ಲ. ಮುಂದೆ ಏನಾದರೂ ಸೇರಿಸಬೇಕೆನಿಸಿದರೆ ನಮ್ಮನ್ನೇ ಕರೆಯಬೇಕೆಂದಿಲ್ಲ, ತಿಳಿದ ಯಾರ ಹತ್ತಿರವಾದರೂ ಸೇರಿಸಿಕೊಳ್ಳಬಹುದು. ನಾವೇ ಆಗಬೇಕೆಂದರೆ ಡಬ್ಬಿಯನ್ನು ರೋಣದಲ್ಲಿ ಹೂವಿನ ಮಾನವ್ವನ ಹತ್ತಿರ ಬಿಡು, ನಮ್ಮಿಬ್ಬರಲ್ಲಿ ಯಾರಿಗೆ ಕೊಟ್ಟರೂ ನಡೆಯುತ್ತದೆ.

ಸೇರಿಸುವ ಮಾತು ಯಾಕೆ ಬಂತೆಂದರೆ, ಹೆಂಗಸರು ಸುಮ್ಮನಿದ್ದದ್ದು ಒಂದು ನಿಮಿಷ ಹತ್ತು ಸೆಕೆಂಡು. ಉಳಿದ ಏಳು ಹೆಸರುಗಳಿಗೆ ಆಯಿ ತೆಗೆದುಕೊಂಡದ್ದು ಐವತ್ತೆರಡು ಸೆಕೆಂಡು. ಕೊನೆಯದು ನಿನ್ನ ಹೆಸರು. ಅದಾದ ಮೇಲೆ ಆರತಿ ಬರುವ ತನಕ ಹದಿನೆಂಟು ಸೆಕೆಂಡು ಯಾವ ದನಿಯೂ ಇಲ್ಲದೆ ಉಳಿಯಿತು. ಅದನ್ನು ಹಾಗೇ ಬಿಟ್ಟಿದ್ದೇವೆ. ಹೆಣ್ಣು ಹುಟ್ಟಿದರೆ ಇನ್ನೊಂದು ಹೆಸರಿಗೆ ಅಷ್ಟು ಜಾಗ ಸಾಕು.

ಮಹೇಶ್ವರಿ, ನಾಹೀದ